ಮೊದಲ ಗುಡುಗಿಗೇ ಹೊಲ ಬಿಡಿ

ಮಾನ್ಯ ಸಂಪಾದಕರೇ,

ಏಪ್ರಿಲ್–ಮೇ ತಿಂಗಳಲ್ಲಿ ಸಿಡಿಲಿಗೆ ಬಲಿಯಾಗುವವರಲ್ಲಿ ಹೊಲದ ಕೆಲಸದವರು, ಕುರಿಗಾಹಿಗಳೇ ಹೆಚ್ಚು. ಮರದಡಿ ನಿಲ್ಲಬಾರದೆಂಬುದು ಅವರಿಗೂ ಗೊತ್ತು. ಯಾವಾಗ ಹೊರಡಬೇಕು, ಸುತ್ತ ಬಯಲೇ ಇರುವಾಗ ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುವವರು ಕಡಿಮೆ.

ಹೊರಡಬೇಕಾದದ್ದು ಮಳೆ ಬಿದ್ದಾಗಲ್ಲ, ಮೊದಲ ಗುಡುಗು ಕೇಳಿದಾಗ. ಮಳೆ ಸುರಿಯುವ ಜಾಗದಿಂದ ಹತ್ತು ಕಿ.ಮೀ. ಆಚೆಗೂ ಸಿಡಿಲು ಬೀಳಬಲ್ಲದು. ಮಿಂಚಿಗೂ ಗುಡುಗಿಗೂ ನಡುವಿನ ಅಂತರದಲ್ಲಿ ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದು ಲೆಕ್ಕ ಹಾಕಿ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ನೀವು ಅಪಾಯದ ವ್ಯಾಪ್ತಿಯಲ್ಲೇ ಇದ್ದೀರಿ. ಮಳೆ ನಿಂತಿತೆಂದು ತಕ್ಷಣ ಹೊಲಕ್ಕೆ ಮರಳುವುದೂ ತಪ್ಪು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಮೊಬೈಲ್‌ನಲ್ಲಿ ‘ದಾಮಿನಿ’ ಆ್ಯಪ್ ಇದ್ದರೆ ಸುತ್ತಮುತ್ತ ಸಿಡಿಲು ಬೀಳುತ್ತಿರುವುದು ತಿಳಿಯುತ್ತದೆ.

ಆರ್‌ಸಿಸಿ ಮನೆ, ಶಾಲೆ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸು ಸುರಕ್ಷಿತ. ನಾಲ್ಕು ಕಂಬದ ತಗಡಿನ ಚಪ್ಪರ, ಬೈಕು, ತೆರೆದ ಟ್ರ್ಯಾಕ್ಟರ್ ಅಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್, ತಂತಿ ಬೇಲಿ ಮುಟ್ಟಬೇಡಿ. ಮರಕ್ಕೆ ಬಿದ್ದ ಸಿಡಿಲು ಪಕ್ಕದಲ್ಲಿರುವವರಿಗೂ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ಎರಡು ಕಾಲು ದೂರ ದೂರ ಇದ್ದಷ್ಟೂ ಮೈಯೊಳಗೆ ಹರಿಯುವ ವಿದ್ಯುತ್ ಹೆಚ್ಚು. ಮುಂಗಾಲು ಹಿಂಗಾಲುಗಳ ನಡುವೆ ಅಂತರವಿರುವ ಕುರಿ, ದನಗಳು ಮರದಡಿ ಗುಂಪಾಗಿ ಸಾಯುವುದು ಇದರಿಂದಲೇ. ಯಾವ ಆಸರೆಯೂ ಸಿಗದಿದ್ದರೆ ತಗ್ಗಿನ ಜಾಗದಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ಕಿವಿ ಮುಚ್ಚಿಕೊಳ್ಳಿ; ಮಲಗಬೇಡಿ. ಇದು ಕೊನೆಯ ದಾರಿ, ಪೂರ್ತಿ ರಕ್ಷಣೆಯಲ್ಲ. ಜೊತೆಯವರು ಒಂದೇ ತಾಡಪಾಲಿನಡಿ ಸೇರದೆ ಕನಿಷ್ಠ 15 ಮೀಟರ್ ಅಂತರದಲ್ಲಿರಲಿ. ಆಗ ಒಬ್ಬರಿಗೆ ಬಡಿದರೂ ಉಳಿದವರು ನೆರವಿಗೆ ಬರಬಹುದು.

ಆ ನೆರವೇ ಎಲ್ಲಕ್ಕಿಂತ ಮುಖ್ಯ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಿ. ಉಸಿರಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ನಿಂತ ಹೃದಯ ಹೀಗೆ ಮತ್ತೆ ಬಡಿದುಕೊಂಡು ಬದುಕಿದವರಿದ್ದಾರೆ. ತಿಪ್ಪೆಯಲ್ಲಿ ಹೂತಿಟ್ಟರೆ ಜೀವ ಬರುತ್ತದೆಂಬ ನಂಬಿಕೆ ಆ ಅಮೂಲ್ಯ ನಿಮಿಷಗಳನ್ನು ನುಂಗುತ್ತದೆ.

ಇನ್ನು ಹಳ್ಳದ ಮಾತು. ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿನ ಒಣ ಹಳ್ಳ ಅರ್ಧ ಗಂಟೆಯಲ್ಲಿ ತುಂಬಬಹುದು. ರಭಸವಿದ್ದರೆ ಅರ್ಧ ಅಡಿ ನೀರೇ ಮನುಷ್ಯನನ್ನು ಬೀಳಿಸುತ್ತದೆ, ಎರಡು ಅಡಿ ನೀರು ಕಾರನ್ನೇ ಎತ್ತಿಕೊಂಡು ಹೋಗುತ್ತದೆ. ಕೆಂಪು ನೀರಿನಡಿ ಸೇತುವೆಯ ಅಂಚು ಕೊಚ್ಚಿಹೋಗಿದ್ದರೂ ಕಾಣುವುದಿಲ್ಲ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಲೇಬೇಡಿ.

ಪಂಚಾಯಿತಿಗಳು ಮಾಡಬೇಕಾದ ಕೆಲಸಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬಿಸಿಲ ಕಾವಿಗೆ ಮೋಡ ಬಲಿಯುವುದು ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಆದ್ದರಿಂದ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಹನ್ನೆರಡರೊಳಗೆ ಮುಗಿಯಲಿ. ಗುಡುಗಿದರೆ ಕೆಲಸ ನಿಲ್ಲಿಸುವ ಅಧಿಕಾರ ಕೂಲಿಕಾರರ ಗುಂಪಿನ ಉಸ್ತುವಾರಿ ನೋಡುವ ಕಾಯಕ ಬಂಧುಗಳಿಗಿರಲಿ, ಅದಕ್ಕೆ ಕೂಲಿ ಕಡಿತವಾಗದಿರಲಿ. ಮುನ್ಸೂಚನೆ ಬಂದ ದಿನ ಕಸದ ಗಾಡಿಯ ಮೈಕಿನಲ್ಲಿ ಸಾರಲಿ. ಕೆಳಮಟ್ಟದ ಸೇತುವೆಗಳ ಎರಡೂ ತುದಿಗೆ ಅಡಿ ಗುರುತಿನ ಕಂಬ ಮತ್ತು ಅಡ್ಡ ಸರಪಳಿಯನ್ನು ಮುಂದಿನ ಮಳೆಗಿಂತ ಮೊದಲೇ ಹಾಕಲಿ.

– ಓದುಗರೊಬ್ಬರು, ಕೊಪ್ಪಳ