ಹಾಲಿನ ಕ್ರೇಟಿಗೊಂದು ಬಣ್ಣದ ಚುಕ್ಕೆ ಹಾಕಿಸಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನನ್ನದು ಉಡುಪಿಯಲ್ಲಿ ಒಂದು ಸಣ್ಣ ಜಿನಸಿ ಅಂಗಡಿ. ಹಾಲು, ಮೊಸರು, ಬ್ರೆಡ್, ಒಂದು ಐಸ್‌ಕ್ರೀಮ್ ಫ್ರೀಜರ್, ಬಾಗಿಲಲ್ಲಿ ನೇತಾಡುವ ಚಿಪ್ಸ್ ಮಾಲೆ, ಅಷ್ಟೇ. ರಸ್ತೆ, ಚರಂಡಿ ಅಂತ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಹಾಲು, ಮೀನಿಗೆ ಬಿಸಿ ತಾಗಿದ್ದನ್ನು ಬಣ್ಣ ಬದಲಿಸಿ ತೋರಿಸುವ ಒಂದು ಸ್ಟಿಕ್ಕರ್ ಬಗ್ಗೆ. ನಗಬೇಡಿ, ಸ್ವಲ್ಪ ಓದಿ.

ಕಳೆದ ತಿಂಗಳು ಹೆಂಡತಿ ಜೊತೆ ಮಂಗಳೂರಿಗೆ ಹೋಗಿದ್ದೆ. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ, ಹೆಸರು ಬೇಡ, ಸಾಮಾನು ತೆಗೆದುಕೊಂಡು ದುಡ್ಡು ಕೊಟ್ಟು ಹೊರಗೆ ಬರುವಾಗ ಬಾಗಿಲ ಹತ್ತಿರದ ಎರಡು ಕಂಬ ಕೀಂ ಕೀಂ ಅಂತ ಕೂಗಿದವು. ಎಲ್ಲರೂ ತಿರುಗಿ ನೋಡಿದರು. ಸೆಕ್ಯೂರಿಟಿಯವರು ಚೀಲವನ್ನು ಮೇಜಿನ ಮೇಲೆ ಸುರಿದು, ಬಿಲ್ಲಿಗೂ ಸಾಮಾನಿಗೂ ತಾಳೆ ಹಾಕಿ, ಕೊನೆಗೆ ಸಿಕ್ಕಿದ್ದು ಶೇವಿಂಗ್ ಬ್ಲೇಡಿನ ಪ್ಯಾಕೆಟ್. ಬಿಲ್ ಮಾಡುವ ಹುಡುಗಿ ಅದರ ಟ್ಯಾಗನ್ನು ಪ್ಯಾಡಿನ ಮೇಲೆ ಆಡಿಸಲು ಮರೆತಿದ್ದಳು. ಅವಳದ್ದೇನೂ ತಪ್ಪಿಲ್ಲ, ಅಷ್ಟು ರಶ್ ಇತ್ತು. ಆದರೆ ಮನೆಗೆ ಬಂದು ನೋಡಿದರೆ ಅದೇ ಚೀಲದ ಪನೀರ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿತ್ತು. ಮೇಜಿನ ಮೇಲೆ ಸುರಿದಾಗಲೇ ಉಬ್ಬಿತ್ತು ಅಂತ ಹೆಂಡತಿ ಹೇಳುತ್ತಾಳೆ. ನಾಚಿಕೆಯಲ್ಲಿ ನಿಂತವ ಅದನ್ನೆಲ್ಲಾ ನೋಡುತ್ತಾನಾ? ಪ್ಯಾಕೆಟ್ ಮೇಲಿನ ದಿನಾಂಕಕ್ಕೆ ಇನ್ನೂ 6 ದಿನ ಬಾಕಿ ಇತ್ತು.

ಬ್ಲೇಡ್ ಕದ್ದರೆ ಕೂಗುವ ಕಂಬ ಉಂಟು. ಪನೀರ್ ಹಾಳಾದರೆ ಕೂಗುವುದು ಏನೂ ಇಲ್ಲ. ಎರಡು ದಿನ ಅದೇ ತಲೆಯಲ್ಲಿ ತಿರುಗುತ್ತಿತ್ತು.

ಕುತೂಹಲಕ್ಕೆ ಆ ಟ್ಯಾಗನ್ನು ಕೌಂಟರ್ ಮೇಲಿಟ್ಟು ಚಾಕುವಿನಿಂದ ಬಿಡಿಸಿದೆ. ಬೆರಳಿನಷ್ಟೂ ಅಗಲವಿಲ್ಲದ ಬಿಳಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಹೊಳೆಯುವ ತೆಳ್ಳಗಿನ ಲೋಹದ ಪಟ್ಟಿಗಳು ಅಂಟಿಕೊಳ್ಳದೆ ಸಡಿಲವಾಗಿ ಮಲಗಿದ್ದವು. ಅಡಿಯಲ್ಲಿ ಅಂಟಿಸಿದ ಇನ್ನೊಂದು ಪಟ್ಟಿ, ಅದು ಅಯಸ್ಕಾಂತ. ಬ್ಯಾಟರಿ ಇಲ್ಲ, ವಯರ್ ಇಲ್ಲ. ಬಾಗಿಲ ಕಂಬ ಸೆಕೆಂಡಿಗೆ 58 ಸಾವಿರ ಸಲ ಅದುರುವ ಕಾಂತದ ಅಲೆಯನ್ನು ಬಿಟ್ಟು ಬಿಟ್ಟು ಕಳಿಸುತ್ತದೆ, ಆಗ ಈ ಪಟ್ಟಿಯೂ ಜೊತೆಗೆ ಅದುರುತ್ತದೆ. ಕಂಬ ಒಂದು ಕ್ಷಣ ಸುಮ್ಮನಾದರೂ ಪಟ್ಟಿ ಮಾತ್ರ ಅದುರುತ್ತಲೇ ಇರುತ್ತದೆ, ದೇವಸ್ಥಾನದ ಗಂಟೆ ಹೊಡೆದು ಕೈ ತೆಗೆದ ಮೇಲೂ ಗುಂಯ್ ಅನ್ನುತ್ತಲ್ಲ, ಹಾಗೆ. ಆ ಗುಂಯ್ ಕೇಳಿಸಿದರೆ ಕಂಬ ಕೂಗುತ್ತದೆ. ಬಿಲ್ ಆದ ಮೇಲೆ ಪ್ಯಾಡಿನಲ್ಲಿ ಅಡಿಯ ಅಯಸ್ಕಾಂತದ ಶಕ್ತಿ ತೆಗೆದುಬಿಡುತ್ತಾರೆ. ಶ್ರುತಿ ತಪ್ಪುತ್ತದೆ, ಕಂಬಕ್ಕೆ ಕೇಳಿಸುವುದಿಲ್ಲ.

ಈ ಕಳ್ಳರ ಟ್ಯಾಗಿನ ಯೋಚನೆ 1960ರ ದಶಕದ್ದು. ಅಮೆರಿಕದ ಒಹಾಯೊದಲ್ಲಿ ರಾನ್ ಅಸಾಫ್ ಎಂಬ ಅಂಗಡಿ ಮ್ಯಾನೇಜರ್ ವೈನ್ ಬಾಟಲಿ ಎತ್ತಿಕೊಂಡು ಓಡಿದವನ ಹಿಂದೆ ಓಡಿ ಸುಸ್ತಾಗಿ, ಇದಕ್ಕೊಂದು ಉಪಾಯ ಬೇಕು ಅಂದುಕೊಂಡದ್ದು ಅಂತ ಕಥೆ. ಆಮೇಲೆ ಸೆನ್ಸಾರ್‌ಮ್ಯಾಟಿಕ್ ಅಂತ ಕಂಪನಿಯನ್ನೇ ಕಟ್ಟಿದರು. ಅಂಗಡಿಯವನಿಗೆ ನಷ್ಟವಾದಾಗ ತಲೆ ಎಷ್ಟು ಬೇಗ ಓಡುತ್ತದೆ ನೋಡಿ. ನಾನೂ ಅಂಗಡಿಯವನೇ, ಹಾಗಾಗಿ ಹೇಳಬಹುದು.

ಗಿರಾಕಿಯ ಪರವಾಗಿ ಯಾರೂ ಏನೂ ಕಂಡುಹಿಡಿದಿಲ್ಲ ಅಂತ ಅಲ್ಲ. ನನ್ನ ಅತ್ತಿಗೆ ಆಶಾ ಕಾರ್ಯಕರ್ತೆ. ಪೋಲಿಯೊ ಹನಿಯ ಬಾಟಲಿ ಕೈಗೆ ಬಂದ ಕೂಡಲೇ ಅವರು ಮೊದಲು ನೋಡುವುದು ಲೇಬಲ್ ಮೇಲಿನ ಒಂದು ಚುಕ್ಕೆಯನ್ನು. ನೇರಳೆ ಬಣ್ಣದ ವೃತ್ತ, ಒಳಗೆ ತಿಳಿ ಬಣ್ಣದ ಚೌಕ. ಬಾಟಲಿಗೆ ಬಿಸಿ ತಾಗಿದಷ್ಟೂ ಚೌಕ ಗಾಢವಾಗುತ್ತಾ ಹೋಗುತ್ತದೆ. ಚೌಕ ವೃತ್ತದಷ್ಟೇ ಗಾಢವಾದರೆ ಬಾಟಲಿ ಬಿಸಾಡಬೇಕು, ದಿನಾಂಕ ಎಷ್ಟೇ ಇರಲಿ. ಪುನಃ ಫ್ರಿಜ್ಜಲ್ಲಿಟ್ಟರೆ ಚೌಕ ತಿಳಿಯಾಗುವುದಿಲ್ಲ. ಎಲ್ಲಿ, ಯಾರ ಕೈಯಲ್ಲಿ, ಎಷ್ಟು ಹೊತ್ತು ಬಿಸಿಲಲ್ಲಿ ಇತ್ತು ಅನ್ನೋದೆಲ್ಲಾ ಅದರಲ್ಲಿ ಕೂಡಿಕೊಂಡಿರುತ್ತದೆ. 1996ರಲ್ಲೇ ಇದು ಪೋಲಿಯೊ ಬಾಟಲಿಗಳ ಮೇಲೆ ಬಂದಿದೆ. ಯಾವ ಲಸಿಕೆ ಎಷ್ಟು ಬಿಸಿ ತಡೆಯುತ್ತದೆ ಅಂತ ನೋಡಿ ಬೇರೆ ಬೇರೆ ಚುಕ್ಕೆ ಮಾಡಿದ್ದಾರೆ. 37 ಡಿಗ್ರಿ ಬಿಸಿಯಲ್ಲಿ ಒಂದು 2 ದಿನಕ್ಕೇ ಗಾಢವಾದರೆ ಇನ್ನೊಂದು 30 ದಿನ ತೆಗೆದುಕೊಳ್ಳುತ್ತದೆ. ಅಂದರೆ ಹಾಲಿಗೊಂದು, ಮೊಸರಿಗೊಂದು, ಪನೀರಿಗೊಂದು ಅಂತ ಹೊಂದಿಸೋದು ಆಗದ ಕೆಲಸ ಅಲ್ಲ, ಅಲ್ವಾ?

ಈಗ ದಿನಾಂಕದ ವಿಷಯ. ಆಹಾರ ಸುರಕ್ಷತೆಯ ಕಾನೂನು 2006ರದ್ದು, ಲೇಬಲ್ ನಿಯಮ 2020ರದ್ದು. ಪ್ಯಾಕೆಟ್ ಮೇಲೆ ಯಾವಾಗ ತಯಾರಾಯಿತು, ಯಾವಾಗಿನವರೆಗೆ ಬಳಸಬಹುದು ಅಂತ ಬರೆಯಲೇಬೇಕು. ಒಳ್ಳೆಯದೇ. 2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಸಿಹಿತಿಂಡಿಗೂ ಯಾವಾಗಿನ ಒಳಗೆ ತಿನ್ನಬೇಕು ಅಂತ ಬೋರ್ಡ್ ಹಾಕಬೇಕು ಅಂದರು. (ಕೆಲವು ಕಡೆ ಲಾಡು ಖಾಲಿಯಾಗಿ ಹೊಸ ಲಾಡು ಬಂದರೂ ಚೀಟಿ ಹಳೆಯದೇ ಇರುತ್ತದೆ, ಅದು ಬೇರೆ ಮಾತು.) ಆದರೆ ಆ ದಿನಾಂಕ ಒಂದು ನಂಬಿಕೆಯ ಮೇಲೆ ನಿಂತಿದೆ. ಡೇರಿಯಿಂದ ಗಾಡಿಗೆ, ಗಾಡಿಯಿಂದ ನನ್ನ ಅಂಗಡಿಗೆ, ಅಲ್ಲಿಂದ ನಿಮ್ಮ ಮನೆಗೆ ಬರುವವರೆಗೂ ಪ್ಯಾಕೆಟ್ ತಣ್ಣಗೇ ಇತ್ತು ಅನ್ನುವ ನಂಬಿಕೆ. ಎಲ್ಲಿ ತಣ್ಣಗಿರುತ್ತದೆ ಮಾರಾಯ್ರೆ? ನಮ್ಮ ಏಪ್ರಿಲ್ ಸೆಕೆ ನಿಮಗೆ ಗೊತ್ತಿಲ್ಲದ್ದಲ್ಲ.

ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಮರ ಬಿದ್ದು ಲೈನ್ ತುಂಡಾಗಿ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಗ್ಗೆ ಫ್ರೀಜರ್ ತೆಗೆದರೆ ಐಸ್‌ಕ್ರೀಮ್ ಎಲ್ಲಾ ಪಾಯಸ. ಬಿಸಾಡಬೇಕಿತ್ತು. ಬಿಸಾಡಲಿಲ್ಲ. ಕರೆಂಟ್ ಬಂತು, ಪುನಃ ಗಟ್ಟಿಯಾಯಿತು, ನಾನು ಸುಮ್ನೆ ಮುಚ್ಚಿಟ್ಟು ಮಾರಿದೆ. ಮರುದಿನ ಪಕ್ಕದ ಬೀದಿಯ ಹುಡುಗ ಕಪ್ ಹಿಡಿದುಕೊಂಡು ವಾಪಸ್ ಬಂದ. "ಅಂಕಲ್, ಇದರಲ್ಲಿ ಹೊಯಿಗೆ ಉಂಟು" ಅಂದ. ಮರಳು ಅಲ್ಲ ಅದು, ಕರಗಿ ಮತ್ತೆ ಗಟ್ಟಿಯಾದಾಗ ಆಗುವ ಐಸಿನ ಹರಳು. ಅವನಿಗೆ ಬೇರೆ ಚಾಕಲೇಟ್ ಕೊಟ್ಟು ಕಳಿಸಿದೆ. ಆ ಕಪ್ಪಿನ ಮೇಲೆ ಒಂದು ಚುಕ್ಕೆ ಇದ್ದಿದ್ದರೆ ನನಗೆ ಮಾರಲು ಆಗುತ್ತಲೇ ಇರಲಿಲ್ಲ. ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರೀಜರ್ ಸ್ವಿಚ್ ಆಫ್ ಮಾಡಿ ಮನೆಗೆ ಹೋಗುವವರನ್ನೂ ನಾನು ನೋಡಿದ್ದೇನೆ. ಅವರ ಐಸ್‌ಕ್ರೀಮಿಗೂ ನನ್ನದಕ್ಕೂ ದಿನಾಂಕ ಒಂದೇ.

ಮತ್ತೆ ಆ ದಿನಾಂಕ ಓದುವುದಾದರೂ ಯಾರು? ಹಾಲಿನ ಪ್ಯಾಕೆಟ್ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಹೊಡೆದಿರುತ್ತಾರೆ. ಪ್ಯಾಕೆಟ್ ಒದ್ದೆಯಾಗಿರುತ್ತದೆ, ಹೆಬ್ಬೆರಳು ತಾಗಿದರೆ ಅರ್ಧ ಅಂಕೆ ಹೋಗಿಬಿಡುತ್ತದೆ. ನನ್ನ ಅತ್ತೆಗೆ ಕಣ್ಣು ಮಂಜು. ಅವರು ಕೊಡುವ ಪರೀಕ್ಷೆ ಒಂದೇ, ಕಾಯಿಸಿ ನೋಡೋದು. ಒಡೆದರೆ ನನಗೆ ಬೈಗುಳ. ಇಂಥವರಿಗಾಗಿಯೇ ಬ್ರಿಟನ್ನಿನಲ್ಲಿ ಸೋಲ್ವೀಗಾ ಪಾಕ್ಷ್ಟೈಟೆ ಎಂಬ ವಿದ್ಯಾರ್ಥಿನಿ ಒಂದು ಲೇಬಲ್ ಮಾಡಿ 2014ರಲ್ಲಿ ಅಲ್ಲಿನ ಜೇಮ್ಸ್ ಡೈಸನ್ ಪ್ರಶಸ್ತಿ ಪಡೆದಿದ್ದಾರೆ. ಒಳಗೆ ಜೆಲಟಿನ್, ಅದರ ಕೆಳಗೆ ಉಬ್ಬುತಗ್ಗು. ಜೆಲಟಿನ್ ಗಟ್ಟಿ ಇರುವವರೆಗೆ ಲೇಬಲ್ ನುಣ್ಣಗೆ. ಅದು ಹಾಳಾಗಿ ನೀರಾದರೆ ಉಬ್ಬುಗಳು ಬೆರಳಿಗೆ ತಾಗುತ್ತವೆ. ಕಣ್ಣೇ ಬೇಡ.

ಮೀನಿನ ಮಾತು ಬಿಟ್ಟರೆ ಉಡುಪಿಯವ ಅಂತ ಯಾರೂ ಒಪ್ಪುವುದಿಲ್ಲ. ಮಲ್ಪೆಯಲ್ಲಿ ಬಂಗುಡೆ ತೆಗೆದುಕೊಳ್ಳುವವರು ಕಿವಿರು ಎತ್ತಿ ಕೆಂಪು ಉಂಟಾ ಅಂತ ನೋಡುತ್ತಾರೆ. ಅದಕ್ಕಿಂತ ಒಳ್ಳೆಯ ಲೇಬಲ್ ಇಲ್ಲ. ಆದರೆ ಈಗ ಪ್ಯಾಕೆಟ್‌ನಲ್ಲಿ ಬರುವ ಅಂಜಲ್ ತುಂಡಿಗೆ ಕಿವಿರೇ ಇಲ್ಲವಲ್ಲ! ಜೂನ್, ಜುಲೈಯಲ್ಲಿ ಬೋಟ್ ನಿಂತಾಗ ಹೊರಗಿನ ಮೀನೇ ಜಾಸ್ತಿ, ಅದು ಎಷ್ಟು ದಿನದ್ದೋ ಯಾರಿಗೆ ಗೊತ್ತು. ಮೀನು ಕೆಡುವಾಗ ಅಮೋನಿಯದ ಜಾತಿಯ ಗಾಳಿ ಬಿಡುತ್ತದೆ, ಅದು ಕ್ಷಾರ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವುದನ್ನು ಎಲ್ಲಾ ಮನೆಯಲ್ಲೂ ನೋಡಿದ್ದಾರೆ. ಅದೇ ಅರಿಶಿನದ ಬಣ್ಣ ಹಾಕಿದ ಲೇಬಲ್ ಪ್ಯಾಕೆಟ್ ಒಳಗಿದ್ದರೆ ಮೀನು ಕೆಟ್ಟಾಗ ಹಳದಿ ಹೋಗಿ ಕೆಂಪಾಗುತ್ತದೆ. ಪ್ರಯೋಗಾಲಯಗಳಲ್ಲಿ ಇದನ್ನು ಮಾಡಿ ನೋಡಿಯೂ ಆಗಿದೆ. 2018ರಲ್ಲಿ ಮೀನು ಕೆಡದ ಹಾಗೆ ಫಾರ್ಮಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆ ಆದಾಗ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದ, ಮೀನಿಗೆ ಉಜ್ಜಿ ನೋಡುವ ಕಾಗದದ ಪಟ್ಟಿಯಿಂದಲೇ ಅದನ್ನು ಪರೀಕ್ಷೆ ಮಾಡಿದ್ದರು. ನಮ್ಮಲ್ಲೂ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಉಂಟು, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಉಂಟು. ಕೇಳಿದರೆ ಅವರು ಬೇಡ ಅನ್ನುತ್ತಾರಾ? ಕೇಳುವವರು ಬೇಕು.

ನಾನು ನಿಮ್ಮ ಹತ್ತಿರ ಕೇಳುವುದು ದೊಡ್ಡದೇನಲ್ಲ. ಲೇಬಲ್ ನಿಯಮ ಕೇಂದ್ರದ್ದು, ಅದಕ್ಕೇ ಶಾಸಕರಿಗಲ್ಲ, ನಿಮಗೆ ಬರೆದೆ. ದಿನಾಂಕ ಕಡ್ಡಾಯ ಇರುವ ಹಾಗೆ ಬಿಸಿ ತಾಗಿದ ಗುರುತು ಯಾಕೆ ಇಲ್ಲ ಅಂತ ಸಂಸತ್ತಿನಲ್ಲಿ ಆರೋಗ್ಯ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಪ್ರತಿ ಪ್ಯಾಕೆಟ್‌ಗೂ ಚುಕ್ಕೆ ಹಾಕಿದರೆ ಹಾಲಿನ ರೇಟು ಏರುತ್ತದೆ ಅಂತ ಅವರು ಹೇಳಬಹುದು. ಸರಿ, ಪ್ಯಾಕೆಟ್ ಬೇಡ, ಕ್ರೇಟಿಗೆ ಹಾಕಿ. ಮೀನಾದರೆ ಪೆಟ್ಟಿಗೆಗೆ. ಮೊದಲು ನಮ್ಮ ಎರಡು ಜಿಲ್ಲೆಯಲ್ಲಿ ಒಂದು ಬೇಸಿಗೆ ನೋಡಿ. ಚುಕ್ಕೆ ಬಿಸಿಯನ್ನು ಮಾತ್ರ ಲೆಕ್ಕ ಇಡುತ್ತದೆ, ಪ್ಯಾಕೆಟ್ ತೂತಾಗಿ ಹಾಳಾದರೆ ಅದಕ್ಕೆ ಗೊತ್ತಾಗುವುದಿಲ್ಲ, ಅದನ್ನೂ ಜನಕ್ಕೆ ಮೊದಲೇ ಹೇಳಿಬಿಡಿ. ಆದರೂ ಗಾಡಿಯಿಂದ ಇಳಿಸುವಾಗಲೇ ಚೌಕ ಗಾಢವಾಗಿದ್ದರೆ ನಾನು ಕ್ರೇಟ್ ವಾಪಸ್ ಮಾಡಬಹುದು. ಈಗ ಆ ಜಗಳಕ್ಕೆ ಸಾಕ್ಷಿಯೇ ಇಲ್ಲ, ಡ್ರೈವರ್ ನನ್ನ ಮೇಲೆ ಹೇಳುತ್ತಾನೆ, ನಾನು ಅವನ ಮೇಲೆ. ನನ್ನ ಅಂಗಡಿಯಲ್ಲಿ ಗಾಢವಾದರೆ ನಾನೂ ಸಿಕ್ಕಿಬೀಳುತ್ತೇನೆ. ಬೀಳಲಿ, ಆ ಹುಡುಗನ ಐಸ್‌ಕ್ರೀಮಿನ ಬಾಕಿ ಹೇಗೂ ಉಂಟು.

ಊರಿಗೆ ಬಂದಾಗ ಒಂದು ದಿನ ಬೆಳಗ್ಗೆ ಬೇಗ ಈ ಕಡೆ ಬನ್ನಿ. ಐದೂವರೆಗೆ ಹಾಲಿನ ಗಾಡಿ ಬರುತ್ತದೆ, ನಾನು ಶಟರ್ ಅರ್ಧ ಎತ್ತಿರುತ್ತೇನೆ. ಒಂದು ಪ್ಯಾಕೆಟ್ ಎತ್ತಿ ಅದರ ದಿನಾಂಕ ಓದಲು ಆಗುತ್ತದಾ ನೋಡಿ. ಚಾ ನನ್ನದು.

ಇಂತಿ,
ಉಡುಪಿಯ ಒಬ್ಬ ಅಂಗಡಿಯವ