ಸುಮ್ನೆ ಬಂದು ರಕ್ತ ಕೊಟ್ಟವರಿಗೆ

ಕಳೆದ ವಾರ ನನ್ನ ಪಿಎಚ್‌.ಡಿ ವೈವಾ ಮುಗಿಯಿತು. ಐದೂವರೆ ವರ್ಷ ಸಿಂಗಪುರದಲ್ಲಿ ಕೂತು, ಇಲ್ಲಿನ ಚೀನೀ ಮೂಲದವರಲ್ಲಿ ಪಾರ್ಕಿನ್ಸನ್ ಎಂಬ, ಕೈಕಾಲು ನಡುಗಿಸುವ ಮಿದುಳಿನ ಕಾಯಿಲೆಗೆ ಯಾವ ಜೀನ್ ದಾರಿ ಮಾಡಿಕೊಡುತ್ತದೆ ಎಂದು ಹುಡುಕುತ್ತಿದ್ದೆ. ಗೈಡ್‌ಗೆ, ಲ್ಯಾಬಿನವರಿಗೆ ಥೀಸಿಸ್‌ನಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ. ಈ ಬರಹ ಕಾಯಿಲೆಯೇ ಇಲ್ಲದೆ ಬಂದು ರಕ್ತ ಕೊಟ್ಟವರಿಗೆ.

ಅವರಲ್ಲಿ ಎಷ್ಟೋ ಜನ ರೋಗಿಗಳ ಗಂಡ, ಇಲ್ಲವೇ ಹೆಂಡತಿ. ಒಬ್ಬ ಆಂಟಿ ಚೆನ್ನಾಗಿ ನೆನಪಿದ್ದಾರೆ. ಗಂಡನ ಕೈ ನಡುಗುತ್ತಿತ್ತು, ಅಂಗಿಯ ಗುಂಡಿ ಇವರೇ ಹಾಕಬೇಕು. "ಕಾಯಿಲೆ ಅವರಿಗೆ, ಸೂಜಿ ನನಗ್ಯಾಕೆ?" ಎಂದು ಹೊಕ್ಕಿಯೆನ್ ಎಂಬ ಚೀನೀ ಭಾಷೆಯಲ್ಲಿ ಕೇಳಿದರು. ಅವತ್ತು ನಾನು ಸರಿಯಾಗಿ ಹೇಳಲಿಲ್ಲ. ಈಗ ಹೇಳ್ತೀನಿ.

ಎಲ್‌ಆರ್‌ಆರ್‌ಕೆ2 ಅಂತ ಒಂದು ಜೀನ್. ಅದು ಮಾಡುವ ಪ್ರೋಟೀನ್‌ನಲ್ಲಿ ಮಣಿಸರದ ಹಾಗೆ ಸಾಲಾಗಿ 2,527 ಅಮೈನೋ ಆಮ್ಲಗಳು. ಕೆಲವರಲ್ಲಿ 2385ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲದ ಬದಲು ಆರ್ಜಿನಿನ್ ಎಂಬ ಇನ್ನೊಂದು ಇರುತ್ತದೆ. ಇದಕ್ಕೆ ಜಿ2385ಆರ್ ಎನ್ನುತ್ತಾರೆ. ಮೊದಲು ತೈವಾನ್‌ನ ಒಂದು ಕುಟುಂಬದಲ್ಲಿ ಕಂಡಾಗ, ರೋಗ ತರುವುದೇ ಇದು ಎಂದುಕೊಂಡಿದ್ದರು. ಆಮೇಲೆ ಆರೋಗ್ಯವಾಗಿದ್ದವರ ರಕ್ತವನ್ನೂ ನೋಡಿದರು. ಅವರಲ್ಲೂ ಸಿಕ್ಕಿತು! ಸುಮಾರಾಗಿ ಹೇಳುವುದಾದರೆ, ಚೀನೀ ಮೂಲದ ನೂರು ರೋಗಿಗಳಲ್ಲಿ ಎಂಟು-ಹತ್ತು ಜನರಲ್ಲಿ, ಕಾಯಿಲೆ ಇಲ್ಲದ ನೂರು ಜನರಲ್ಲಿ ನಾಲ್ಕೈದು ಜನರಲ್ಲಿ. ಅಂದರೆ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಆದರೂ ಇದು ಇರುವವರಲ್ಲಿ ಬಹುಪಾಲು ಜನಕ್ಕೆ ಪಾರ್ಕಿನ್ಸನ್ ಬರುವುದೇ ಇಲ್ಲ. ಆಂಟಿ, ನಿಮ್ಮಂಥವರು ತೋಳು ಚಾಚದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

"ಕಾಯಿಲೆ ಎಲ್ಲರಿಗೂ ಒಂದೇ ಅಲ್ವಾ, ಚೀನೀಯರದ್ದೇ ಯಾಕೆ?" ಅಂತ ಅಮ್ಮ ಹಾಸನದಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು. ಕಾಯಿಲೆ ಒಂದೇ ಅಮ್ಮ, ಜೀನ್‌ನ ಬದಲಾವಣೆ ಒಂದೇ ಅಲ್ಲ. ಉತ್ತರ ಆಫ್ರಿಕಾದ ಅರಬರಲ್ಲಿ, ಅಶ್ಕೆನಾಜಿ ಯಹೂದಿಗಳಲ್ಲಿ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿಗಳು) ಜಾಸ್ತಿ ಕಾಣುವ, ಎಲ್‌ಆರ್‌ಆರ್‌ಕೆ2ನ ಇನ್ನೊಂದು ಬದಲಾವಣೆ ಜಿ2019ಎಸ್ ಚೀನೀಯರಲ್ಲಿ ತೀರಾ ಅಪರೂಪ. ಇದೇ ಜೀನ್‌ನ ಜಿ2385ಆರ್ ಯುರೋಪಿನವರಲ್ಲಿ ಕಾಣುವುದೇ ಕಷ್ಟ. ಅಲ್ಲಿನ ಬದಲಾವಣೆಗಳ ಪಟ್ಟಿ ಹಿಡಿದು ಇಲ್ಲಿ ಹುಡುಕಿದರೆ ಇಂಥವು ಕೈಗೆ ಹತ್ತುವುದಿಲ್ಲ.

ರಕ್ತ ಕೊಟ್ಟ ಒಬ್ಬ ಅಂಕಲ್ "ನನ್ನಲ್ಲಿ ಅದು ಇದೆಯಾ?" ಎಂದು ಕೇಳಿದ್ದರು. ನಿಯಮದ ಪ್ರಕಾರ ಹೇಳುವ ಹಾಗಿಲ್ಲ. ನನ್ನ ಬಳಿ ಹೆಸರೂ ಇರಲಿಲ್ಲ, ಟ್ಯೂಬಿನ ಮೇಲೆ ನಂಬರ್ ಮಾತ್ರ. ಅಂಕಲ್, ಕ್ಷಮಿಸಿ.

ಥ್ಯಾಂಕ್ಸ್ ಹೇಳಲೇಬೇಕಾದ ಇನ್ನೊಬ್ಬರು ನಮ್ಮ ಲ್ಯಾಬಿನ ಮಹಡಿ ಗುಡಿಸುವ ಅಂಕಲ್. ಒಂದು ಭಾನುವಾರ ರಾತ್ರಿ ಆ ಟ್ಯೂಬುಗಳಿದ್ದ ಮೈನಸ್ 80 ಡಿಗ್ರಿಯ ಫ್ರೀಜರ್ ಕೆಟ್ಟು ಕೂಗತೊಡಗಿತು. ಬಾಗಿಲ ಮೇಲೆ ಅಂಟಿಸಿದ್ದ ನಂಬರ್ ನೋಡಿ ಫೋನ್ ಮಾಡಿದವರು ಇವರೇ. ನಾವು ಓಡಿ ಬಂದು, ಟ್ಯೂಬುಗಳನ್ನೆಲ್ಲ ಡ್ರೈ ಐಸ್‌ಗೆ ಹಾಕಿ ಉಳಿಸಿಕೊಂಡೆವು. ಮಾರನೇ ದಿನ ಕಾಫಿ ಕೊಡಿಸೋಣ ಎಂದು ಕರೆದುಕೊಂಡು ಹೋದರೆ, ನಾನು ಪರ್ಸ್ ತೆಗೆಯುವಷ್ಟರಲ್ಲಿ ದುಡ್ಡು ಅವರೇ ಕೊಟ್ಟಿದ್ದರು. ಆ ಸಾಲ ಇನ್ನೂ ಹಾಗೇ ಇದೆ.