ನಮ್ಮ ದಾರಿಗೆ ಇನ್ನೊಂದು ಬಸ್ಸು ಕೊಡಿಸಿ ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ತಾಲ್ಲೂಕು ಕೇಂದ್ರದಿಂದ ನಮ್ಮೂರಿಗೆ 14 ಕಿ.ಮೀ. ಈ ದಾರಿಯಲ್ಲಿ ಓಡುವುದು ಒಬ್ಬರದೇ ಖಾಸಗಿ ಬಸ್ಸು. ಹನ್ನೊಂದು ವರ್ಷದಲ್ಲಿ ಮೂರು ಸಲ ಮನವಿ ಕೊಟ್ಟಿದ್ದೇವೆ. ಕೇಳಿದ್ದು ಇನ್ನೊಂದು ಬಸ್ಸು, ಅಷ್ಟೇ.

ಕಳೆದ ಆಷಾಢದಲ್ಲಿ ಚಿಕ್ಕಮಗಳೂರಿನಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿಕೊಂಡು ವಾಪಸ್ ಬರುತ್ತಿದ್ದೆ. ಸಂಜೆ ಆರೂವರೆಯ ಬಸ್ಸು ಏಳಾದರೂ ಬರಲಿಲ್ಲ. ಫೋನ್ ಮಾಡಿದರೆ ಕಂಡಕ್ಟರ್, "ಜನ ಇಲ್ಲ ಅಕ್ಕಾ, ಇವತ್ತು ಟ್ರಿಪ್ ಕಟ್" ಅಂದ. ಜನ ಇಲ್ಲವೇ? ನಾನೇ ಎಣಿಸಿದ್ದೆ, ಹತ್ತೊಂಬತ್ತು ಮಂದಿ. ತೋಟದ ಕೆಲಸ ಮುಗಿಸಿ ಬಂದ ಹೆಂಗಸರು, ಕಾಲೇಜಿನ ಹುಡುಗಿಯರು. ಗಾಳಿಗೆ ಇರಚಲು ಬಸ್ ನಿಲ್ದಾಣದ ಒಳಗೇ ಹೊಡೆಯುತ್ತಿತ್ತು. ಕಣ್ಣಿನ ಪಟ್ಟಿ ನೆನೆಯಬಾರದೆಂದು ಅಮ್ಮನ ತಲೆಗೆ ನನ್ನ ಸೆರಗು ಹೊದಿಸಿ, ಅದರ ಮೇಲೆ ಯಾರೋ ಕೊಟ್ಟ ಗೊಬ್ಬರದ ಚೀಲ ಹಿಡಿದು ನಿಂತೆ. ಆಟೊದವನು 800 ರೂಪಾಯಿ ಕೇಳಿದ, ಕೊಟ್ಟೆ. ಕೊಡಲಾಗದೆ ಅಲ್ಲೇ ನಿಂತ ಆ ಹುಡುಗಿಯರ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ.

ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವವಳು. ಮಾರುವವನು ಒಬ್ಬನೇ, ಅವನ ಸರಕಿಗೆ ಹತ್ತಿರದ ಬದಲಿ ಇಲ್ಲ, ಹೊಸಬರಿಗೆ ಪ್ರವೇಶವಿಲ್ಲ. ಇದು ಶುದ್ಧ ಏಕಸ್ವಾಮ್ಯ. ಅವನಿಗೂ ಮಿತಿಯಿದೆ, ಬೆಲೆ ಏರಿಸಿದಷ್ಟೂ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂದು ಪಾಠ ಮಾಡುತ್ತೇನೆ. ನಮ್ಮ ದಾರಿಯಲ್ಲಿ ಆ ಮಿತಿ ಕೆಲಸ ಮಾಡುತ್ತಿಲ್ಲ. ಬೈಕು ಕೊಳ್ಳಬಲ್ಲವರು ಯಾವತ್ತೋ ಕೊಂಡರು. ಬಸ್ಸಿಗೆ ಉಳಿದವರು ಗತಿಯಿಲ್ಲದವರು. ಟಿಕೆಟ್ ದರ ಸರ್ಕಾರದ ಕೈಯಲ್ಲಿದೆ, ನಿಜ. ಅದಕ್ಕೇ ದರದ ತಂಟೆಗೆ ಹೋಗದೆ ಟ್ರಿಪ್ಪು ಕತ್ತರಿಸುತ್ತಾರೆ, ಇದ್ದ ಟ್ರಿಪ್ಪಿನಲ್ಲಿ ಜನರನ್ನು ತುರುಕುತ್ತಾರೆ. ಇದೂ ಬೆಲೆ ಏರಿಕೆಯೇ, ಮಳೆಯಲ್ಲಿ ಕಾದು ಕಾದು ತೆರುವ ಬೆಲೆ.

ನಿಯಮ ನಿಮಗೆ ಗೊತ್ತಿರುವುದೇ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಹೊಸ ಪರ್ಮಿಟ್ಟಿಗೆ ಹಳೇ ಬಸ್ಸಿನವರು ತಕರಾರು ಎತ್ತಬಹುದಿತ್ತು. 1988ರ ಕಾಯ್ದೆಯಲ್ಲಿ ಅದು ಹೋಯಿತು; ಪರ್ಮಿಟ್ ಅರ್ಜಿಯನ್ನು ಸಾಮಾನ್ಯವಾಗಿ ತಿರಸ್ಕರಿಸಬಾರದು ಎಂದೇ 80ನೇ ಕಲಮು ಹೇಳುತ್ತದೆ. ಷರತ್ತು ಮುರಿದರೆ ಪರ್ಮಿಟ್ ಅಮಾನತು ಮಾಡಲು 86ನೇ ಕಲಮಿದೆ. ಇಷ್ಟಿದ್ದೂ ನಾವು ಯಾಕೆ ಒಬ್ಬರ ಮರ್ಜಿಯಲ್ಲಿ ಬದುಕಬೇಕು?

ರಸ್ತೆ ಕಿರಿದು ಎಂಬ ಉತ್ತರ ಮಾತ್ರ ಬೇಡ. ಓಟು ಕೇಳುವಾಗ ಎಲ್ಲ ಪಕ್ಷದ ಜೀಪುಗಳಿಗೂ ಈ ರಸ್ತೆ ಸಾಕಾಗಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಸರ್ಕಾರಿ ಬಸ್ಸೇ ಬಾರದ ನಮ್ಮೂರಿನವರು ಇವತ್ತಿಗೂ ಕೂಲಿ ದುಡ್ಡಿನಲ್ಲಿ ಟಿಕೆಟ್ ತೆಗೆಯುತ್ತಿದ್ದಾರೆ.

ಇನ್ನೊಂದು ಬಸ್ಸು ಕೊಡಿಸಿ. ಸರ್ಕಾರಿ ಬಸ್ಸಾದರೆ ಒಳ್ಳೆಯದು, ಆಗದಿದ್ದರೆ ಬೇರೆ ಖಾಸಗಿಯವರಿಗೆ ಪರ್ಮಿಟ್ ಸಿಗುವಂತೆ ಮಾಡಿ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಆರೂವರೆಗೊಂದು ಟ್ರಿಪ್ಪು. ಮುಂದಿನ ತಿಂಗಳು ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಇದೆ. ಅಷ್ಟರೊಳಗೆ ಆ ಬಸ್ಸು ಬರಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಉಪನ್ಯಾಸಕಿ